ಭೂಮಿ ಹುಣ್ಣಿಮೆ: ಗದ್ದೆ ಹೋಗಿ ತೋಟ ಆಗಿದೆ, ಪೂಜೆ ಎಲ್ಲಿ ಮಾಡೋದು?

ಸಾಗರದ ಸೊಸೆ ಕೇಳಿದ್ದು:

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಮದುವೆಯಾಗಿ ಬಂದದ್ದು ಸಾಗರದ ಕಡೆಯ ಹಳ್ಳಿಗೆ. ಇಲ್ಲಿ ಭೂಮಿ ಹುಣ್ಣಿಮೆ, ಅಂದ್ರೆ ಬುಟ್ಟಿಯಲ್ಲಿ ಎಡೆ ಒಯ್ದು ಗದ್ದೆಯಲ್ಲಿ ಭೂಮಿತಾಯಿಗೆ ಪೂಜೆ ಮಾಡೋದು, ದೀಪಾವಳಿಯಷ್ಟೇ ದೊಡ್ಡ ಹಬ್ಬ. ನಮ್ಮ ಕಡೆ ಇದರ ಹೆಸರೇ ಕೇಳಿರಲಿಲ್ಲ. ಈಗ ಮಾವ ಇಲ್ಲ. ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಿದ್ದವರು ಅವರೇ. ಮೇಲಾಗಿ ಗದ್ದೆಯೂ ಉಳಿದಿಲ್ಲ, ಪೂರ್ತಿ ಅಡಿಕೆ ಹಾಕಿದ್ದಾರೆ. 'ಭತ್ತವೇ ಇಲ್ಲ ಅಂದ್ಮೇಲೆ ಯಾವ ಹುಣ್ಣಿಮೆ' ಅಂತ ಅತ್ತೆ ಸುಮ್ಮನಾಗಿಬಿಟ್ಟಿದ್ದಾರೆ. ನನಗೆ ಬಿಡಲು ಮನಸ್ಸಿಲ್ಲ. ತೋಟದಲ್ಲಿ ಮಾಡಬಹುದಾ? ಹೆಂಗಸರು ಬುಟ್ಟಿ ಒಯ್ಯಬಹುದಾ? 2026ರಲ್ಲಿ ಹುಣ್ಣಿಮೆ ಅಕ್ಟೋಬರ್ 25, 26 ಎರಡೂ ದಿನ ಇದೆ, ಯಾವ ದಿನ ಹಿಡಿಯಬೇಕು?

ಸೊರಬದ ಅಕ್ಕ:

ತಂಗಿ, ಮೊದಲು ದಿನದ ವಿಷಯ ಹೇಳಿಬಿಡುತ್ತೇನೆ. ತಿಥಿ 25ರ ಮಧ್ಯಾಹ್ನದ ಹೊತ್ತಿಗೆ ಶುರುವಾಗಿ 26ರ ಬೆಳಿಗ್ಗೆವರೆಗೆ ಇರುತ್ತದೆ. ರಾತ್ರಿ ಚಂದ್ರನಿಗೆ ಹಾಲು ಇಟ್ಟು ಕೋಜಾಗರಿ ಮಾಡುವವರಿಗೆ 25. ನಮ್ಮದು ಬೆಳಗಿನ ಜಾವದ ಪೂಜೆ, ಹಾಗಾಗಿ 25ರ ರಾತ್ರಿಯೆಲ್ಲ ಅಡುಗೆ, 26ರ ನಸುಕಿಗೆ ಗದ್ದೆ. ಆ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಹಬ್ಬ ಇಷ್ಟು ತಡ.

ಇನ್ನು ಅರ್ಥ. ಭೂಮಿತಾಯಿಗೆ ಬಸುರಿ ಬಯಕೆ ತೀರಿಸುವ ಹಬ್ಬ ಇದು. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ಮಲೆನಾಡಿನ ಭತ್ತ ಹೊಡೆ ಬಂದಿರುತ್ತದೆ. ಗದ್ದೆಗಿಳಿದು ಒಂದು ಗಿಡ ಹಿಡಿದು ನೋಡಿ, ಕಾಂಡದ ಮೇಲ್ಭಾಗ ಉಬ್ಬಿಕೊಂಡಿರುತ್ತದೆ. ಸಿಪ್ಪೆ ಸೀಳಿದರೆ ಒಳಗೆ ಎಳೆ ತೆನೆ ಬೆಳ್ಳಗೆ ಮಡಚಿ ಮಲಗಿರುತ್ತದೆ. ಮೊದಲೇ ಹೊರಗೆ ಬಂದ ತೆನೆಯ ಕಾಳನ್ನು ಉಗುರಲ್ಲಿ ಒತ್ತಿದರೆ ಹಾಲು ಬರುತ್ತದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳಿಗೆ ಏನೆಲ್ಲ ತಿನ್ನುವ ಆಸೆಯೋ ಅದನ್ನೆಲ್ಲ ಮಾಡಿ ಒಯ್ಯಬೇಕು ಅನ್ನುವುದು ನಮ್ಮ ಹಿರಿಯರ ಲೆಕ್ಕ. ಸಸಿಗೆ ಸೀರೆ ಉಡಿಸಿ, ಕೊರಳ ತಾಳಿ ತೆಗೆದು ಅದಕ್ಕೆ ಹಾಕಿ ಪೂಜೆ ಮಾಡುವುದೂ ಅದಕ್ಕೇ.

ಬುಟ್ಟಿ ಕೆಲಸ ನನ್ನ ಪ್ರಾಣ. ನಾವು ದೀವರು, ಮಲೆನಾಡಿನ ಒಂದು ಸಮುದಾಯದವರು; ನಮ್ಮಲ್ಲಿ ಮಹಾನವಮಿಯಿಂದಲೇ ಭೂಮಣ್ಣಿ ಬುಟ್ಟಿ, ಅಂದರೆ ಈ ಹಬ್ಬದ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯಲು ಕೂರುತ್ತೇವೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು. ಅದು ಒಣಗಿದ ಮೇಲೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಅಕ್ಕಿಹಿಟ್ಟು ಬರೆಯುವಾಗ ಕಾಣುವುದೇ ಇಲ್ಲ, ನೀರಿನ ಗೆರೆ ಎಳೆದ ಹಾಗಿರುತ್ತದೆ. ಒಣಗುತ್ತಾ ಬಂದಂತೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಭತ್ತದ ತೆನೆ, ಎತ್ತಿನ ಗಾಡಿ, ಏಣಿ, ಸೂರ್ಯ, ಚಂದ್ರ ಎಲ್ಲ ಬರಬೇಕು. ಈಗ ಪೇಟೆಯಲ್ಲಿ ಆಯಿಲ್ ಪೇಂಟ್ ಹೊಡೆದ ಬುಟ್ಟಿ ಸಿಗುತ್ತವೆ. ದಯವಿಟ್ಟು ತರಬೇಡಿ. ಬಸುರಿಯ ಊಟ ಒಯ್ಯುವ ಬುಟ್ಟಿಗೆ ಆ ವಾಸನೆ ಯಾಕೆ? ಬರೆಯಲು ಬರದಿದ್ದರೆ ಕೆಮ್ಮಣ್ಣು ಬಳಿದು ನಾಲ್ಕು ಗೆರೆ ಎಳೆದರೂ ಚೆಂದ.

ದೊಡ್ಡ ಬುಟ್ಟಿಯಲ್ಲಿ ಕಡುಬು, ಪಾಯಸ, ಪಲ್ಯ, ಅನ್ನ. ನಮ್ಮಲ್ಲಿ ಕೊಟ್ಟೆ ಕಡುಬು, ಮೊಗೆಕಾಯಿ ಕಡುಬು ಎರಡೂ ಬೇಕೇ ಬೇಕು. ಚಿಕ್ಕ ಬುಟ್ಟಿಯಲ್ಲಿ ಅಚ್ಚಂಬಲಿ. ಬಗೆಬಗೆಯ ಸೊಪ್ಪಿನ ಕುಡಿ, ಅಮಟೆಕಾಯಿ, ಹೀರೆಕಾಯಿ ಎಲ್ಲ ಕೊಚ್ಚಿ, ಉಪ್ಪು ಹಾಕದೆ ಬೇಯಿಸಿ ಅನ್ನದ ಜೊತೆ ಕಲಸಿದ್ದು. ಬೆಳಕು ಹರಿಯುವ ಮೊದಲೇ ದೊಂದಿ (ಪಂಜು) ಹಿಡಿದು, ಜಾಗಟೆ ಬಾರಿಸುತ್ತಾ, 'ಅಚ್ಚಂಬಲಿ, ಹಾಲಂಬಲಿ' ಅಂತ ಕೂಗುತ್ತಾ ಗದ್ದೆ ತುಂಬ ಬೀರುತ್ತಾರೆ. ಪೂಜೆ ಆದ ಮೇಲೆ ಕಾಗೆಗೆ ಒಂದು ಎಡೆ, ಇಲಿಗೆ ಒಂದು. ಬೆಳೆ ತಿನ್ನುವ ಇಲಿಗೂ ಪಾಲು ಇಡುತ್ತೇವೆ ಅನ್ನುವುದು ನನಗೆ ಈ ಹಬ್ಬದಲ್ಲಿ ಎಲ್ಲಕ್ಕಿಂತ ದೊಡ್ಡದು. ಆಮೇಲೆ ಮನೆಮಂದಿಯೆಲ್ಲ ಬದುವಿನ ಮೇಲೆ ಕೂತು ಊಟ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ತೋಟದಲ್ಲಿ ಧಾರಾಳವಾಗಿ ಮಾಡಿ. ನಮ್ಮೂರಲ್ಲೇ ಗದ್ದೆ ತೆಗೆದು ಅಡಿಕೆ ಹಾಕಿದವರು ಮರದ ಬುಡದಲ್ಲಿ ಮಾಡುತ್ತಾರೆ. ಆ ಹೊತ್ತಿಗೆ ಅಡಿಕೆ ಗೊನೆಯೂ ತುಂಬಿಕೊಂಡಿರುತ್ತದೆ ಅಲ್ವಾ? ಅದೂ ಅದೇ ಮಣ್ಣು, ಅದೇ ತಾಯಿ. ಬುಟ್ಟಿ ಗಂಡಸರೇ ಹೊರಬೇಕು ಅನ್ನುವುದು ಎಷ್ಟೋ ಮನೆಯ ರೂಢಿ, ನಿಜ. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಅಡುಗೆ ಮಾಡಿದವಳು, ಅದನ್ನು ತಾನೇ ಬಡಿಸಿದರೆ ಭೂಮಿತಾಯಿ ಬೇಡ ಅಂತಾಳಾ? ಅತ್ತೆಯನ್ನು ಕರೆದುಕೊಂಡು ಹೋಗಿ.

ಧಾರವಾಡದಿಂದ ಒಬ್ಬರು:

ನಮ್ಮಲ್ಲೂ ಅದೇ ದಿನ, ಹೆಸರು ಶೀಗಿ ಹುಣ್ಣಿಮೆ. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡಿ, ಚರಗ ಚೆಲ್ಲುತ್ತೇವೆ, ಅಂದರೆ ಎಡೆಯ ಊಟವನ್ನು ಹೊಲದಲ್ಲಿ ಬೀರುತ್ತೇವೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು, ಈಗ ಟ್ರ್ಯಾಕ್ಟರ್. ನಮ್ಮಲ್ಲಿ ಹೆಣ್ಣುಮಕ್ಕಳು, ಬೀಗರು, ಆಳುಗಳು ಎಲ್ಲರೂ ಹೊಲಕ್ಕೆ ಬರಲೇಬೇಕು. ಒಬ್ಬರೇ ಹೋದರೆ ಅದು ಹಬ್ಬವೇ ಅಲ್ಲ. ಅಕ್ಕನವರು ಹೇಳಿದ್ದು ಸರಿ, ಧೈರ್ಯವಾಗಿ ಹೋಗಿ.

ಸಾಗರದ ಸೊಸೆ:

ಅಕ್ಕಾ, ಅತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದರೆ ಅಟ್ಟದಿಂದ ಹಳೇ ಬುಟ್ಟಿ ಇಳಿಸಿದ್ದಾರೆ. ತಳ ಸ್ವಲ್ಪ ಹುಳು ಹಿಡಿದಿದೆ, ನಡೆಯುತ್ತಾ? ಅಚ್ಚಂಬಲಿಗೆ ನೂರೊಂದು ಬಗೆ ಸೊಪ್ಪು ಅಂತಾರಲ್ಲ, ಲೆಕ್ಕಕ್ಕೆ ಅಷ್ಟೂ ಇರಲೇಬೇಕಾ?

ಸೊರಬದ ಅಕ್ಕ:

ನೂರೊಂದು ಅನ್ನುವುದು ಮಾತು, ಬೆಟ್ಟದಲ್ಲಿ ಸಿಕ್ಕಷ್ಟು ತನ್ನಿ. ಗುರುತು ಇಲ್ಲದ ಸೊಪ್ಪು ಮಾತ್ರ ಹಾಕಬೇಡಿ, ಅತ್ತೆ ಜೊತೆಗೇ ಹೋಗಿ ಕೊಯ್ಯಿರಿ. ಬುಟ್ಟಿಯನ್ನು ಎರಡು ದಿನ ಬಿಸಿಲಿಗೆ ಇಟ್ಟು, ತಳಕ್ಕೆ ಸಗಣಿ ಎರಡು ಸಲ ದಪ್ಪಗೆ ಬಳಿಯಿರಿ. ಪೂರ್ತಿ ಒಣಗುವವರೆಗೆ ಕೆಮ್ಮಣ್ಣು ಹಚ್ಚಬೇಡಿ, ಬಿರಿಯುತ್ತದೆ. ಬರೆದ ಮೇಲೆ ಫೋಟೋ ಹಾಕಿ.