ಟಿನ್‌ಟಿನ್: ಈಗಿನ ಮಕ್ಕಳು ಓದ್ತಾರಾ? ಯಾವುದರಿಂದ ಶುರು ಮಾಡೋದು?

ಸರಸ್ವತಿಪುರಂ ಓದುಮನೆ:
ಬಡಾವಣೆಯ ಮಕ್ಕಳ ಓದುಮನೆಗೆ ಬೇಸಿಗೆ ರಜೆ ಹೊತ್ತಿಗೆ ಟಿನ್‌ಟಿನ್ ತರಿಸಬೇಕು ಅಂತಿದೆ. 9ರಿಂದ 13 ವಯಸ್ಸಿನವರು, ಅರ್ಧಕ್ಕರ್ಧ ಕನ್ನಡ ಮಾಧ್ಯಮದವರು. ಇರೋ ದುಡ್ಡಿಗೆ ಆರೇಳು ಆಲ್ಬಮ್ (ಒಂದೊಂದು ಚಿತ್ರಕಥೆಯ ಪುಸ್ತಕ) ಬಂದಾವು, ಪೂರ್ತಿ 24 ಆಗೋದಿಲ್ಲ. 1929ರಲ್ಲಿ ಶುರುವಾದ ಬೆಲ್ಜಿಯಂ ಕಾಮಿಕ್ಸನ್ನ ಮೊಬೈಲ್ ಹಿಡಿದ ಮಕ್ಕಳು ಮುಟ್ಟಲ್ಲ ಅಂತ ಸಮಿತಿಯಲ್ಲೇ ಒಬ್ಬರ ತಕರಾರು. ಮುಟ್ತಾರೆ ಅನ್ನೋದಾದ್ರೆ ಯಾಕೆ? ಯಾವುದು ಮೊದಲು? ಹಳೇ ಪುಸ್ತಕ ಕೊಳ್ಳೋದಾದ್ರೆ ಏನು ನೋಡಬೇಕು?

ಮಾರ್ಲಿನ್‌ಸ್ಪೈಕ್ ಮೈಸೂರು:
ಬಂದ ವರ್ಷದ ಲೆಕ್ಕದಲ್ಲಿ ಮಾತ್ರ ಕೊಡಬೇಡಿ ಮೇಡಂ. ಎಲ್ಲರೂ ಎಡವೋದು ಅಲ್ಲೇ. ಮೊದಲ ಎರಡು ಕಥೆ, ಸೋವಿಯತ್ ದೇಶದ್ದು ಮತ್ತು ಕಾಂಗೋದ್ದು, ಟಿನ್‌ಟಿನ್‌ನ ಬರೆದು ಚಿತ್ರಿಸಿದ ಎರ್ಜೆ ಇನ್ನೂ ಕೈ ಪಳಗಿಸಿಕೊಳ್ತಿದ್ದಾಗಿನವು. ಕಾಂಗೋದಲ್ಲಂತೂ ಆಫ್ರಿಕದವರನ್ನ ಚಿತ್ರಿಸಿರೋ ರೀತಿ ಮಕ್ಕಳ ಕೈಗೆ ಸುಮ್ಮನೆ ಕೊಡುವಂಥದ್ದಲ್ಲ. ಓದುಮನೆಗೆ ಅದು ಬೇಡವೇ ಬೇಡ.

'ದಿ ಸೀಕ್ರೆಟ್ ಆಫ್ ದಿ ಯೂನಿಕಾರ್ನ್' ಮತ್ತು 'ರೆಡ್ ರ್ಯಾಕಮ್ಸ್ ಟ್ರೆಷರ್' ಜೋಡಿಯಿಂದ ಶುರು ಮಾಡಿ. ಹಳೇ ಸಾಮಾನಿನ ಸಂತೆಯಲ್ಲಿ ಒಂದು ಆಟಿಕೆ ಹಡಗು, ಅದರ ಕಂಬದೊಳಗೆ ಸುತ್ತಿಟ್ಟ ಚರ್ಮದ ಚೀಟಿ, ಜೊತೆಗೆ ಊರೆಲ್ಲ ಪರ್ಸ್ ಕದಿಯೋನೊಬ್ಬ. ಇಷ್ಟೇ ಸಾಮಗ್ರಿ. ಟಿನ್‌ಟಿನ್‌ನ ಗೆಳೆಯ, ಹಡಗಿನ ಕ್ಯಾಪ್ಟನ್ ಹ್ಯಾಡಕ್ ತನ್ನ ಪೂರ್ವಜನ ಕಥೆ ಹೇಳೋ ಪುಟಗಳನ್ನ ನೋಡಿ: ಒಂದು ಚೌಕದಲ್ಲಿ ಹಡಗಿನ ಮೇಲೆ ಪೂರ್ವಜ ಕತ್ತಿ ಬೀಸ್ತಾನೆ, ಇನ್ನೊಂದರಲ್ಲಿ ಮನೆಯ ಹಜಾರದಲ್ಲಿ ಹ್ಯಾಡಕ್ ಅದನ್ನೇ ಆಡಿ ತೋರಿಸ್ತಾನೆ. ಕೊನೆಗೆ ಅಜ್ಜನ ಭಾವಚಿತ್ರವನ್ನೇ ಹರಿದುಕೊಂಡು ಇವನ ತಲೆ ಆಚೆ ಬರುತ್ತೆ. ಅದಕ್ಕೆ ಇಂಗ್ಲಿಷೇ ಬೇಕಿಲ್ಲ. ಕಿವಿ ಮಂದವಾದ ಪ್ರೊಫೆಸರ್ ಕ್ಯಾಲ್ಕ್ಯುಲಸ್ ಎರಡನೇ ಭಾಗದಲ್ಲೇ ಮೊದಲ ಸಲ ಬರೋದು. ಅಲ್ಲಿಗೆ ತಂಡ ಪೂರ್ತಿ.

ಆಮೇಲೆ 'ಟಿನ್‌ಟಿನ್ ಇನ್ ಟಿಬೆಟ್'. ದಿಲ್ಲಿಯ ರಸ್ತೆಯಲ್ಲಿ ಮಲಗಿದ ಹಸುವನ್ನ ದಾಟಕ್ಕೆ ಹೋಗಿ ಹ್ಯಾಡಕ್ ಅದರ ಮೇಲೇ ಸವಾರಿ ಹೋಗೋದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾ?

ಜೋಡಿ ಆಲ್ಬಮ್ ಒಂಟಿಯಾಗಿ ಕೊಳ್ಳಬೇಡಿ. 'ಸೆವೆನ್ ಕ್ರಿಸ್ಟಲ್ ಬಾಲ್ಸ್' ಜೊತೆ 'ಪ್ರಿಸನರ್ಸ್ ಆಫ್ ದಿ ಸನ್' ಇರಲೇಬೇಕು. ಚಂದ್ರನ ಕಥೆಯೂ ಎರಡು ಭಾಗ. ಮೊದಲ ಭಾಗ 'ಡೆಸ್ಟಿನೇಷನ್ ಮೂನ್' ತುಂಬ ತಾಂತ್ರಿಕ ವಿವರ, ಮಾತಿನ ಗುಳ್ಳೆಗಳೇ ಅರ್ಧ ಪುಟ ನುಂಗಿವೆ. ಸಣ್ಣವರು ಅಲ್ಲೇ ಪುಸ್ತಕ ಮಡಚಿಡ್ತಾರೆ. ಅದು 12 ದಾಟಿದವರಿಗೆ ಇರಲಿ.

ಕಾವಾ ಕಡೆಯವ:
ಯಾಕೆ ಹಿಡಿಸುತ್ತೆ ಅನ್ನೋದಕ್ಕೆ ಉತ್ತರ ಪುಟದ ಕಟ್ಟಡದಲ್ಲಿದೆ. ಮೊದಲು ಇದು ವಾರಕ್ಕೆ ಎರಡು ಪುಟದಂತೆ ಪತ್ರಿಕೆಯಲ್ಲಿ ಬರ್ತಿತ್ತು. ಓದುಗ ಮುಂದಿನ ವಾರ ಮತ್ತೆ ಕೊಳ್ಳಬೇಕಲ್ಲ, ಅದಕ್ಕೇ ಕೊನೇ ಚೌಕದಲ್ಲಿ ಬಾಗಿಲು ತಟ್ಟೋದೋ, ಯಾರೋ ಬೀಳೋದೋ ಏನಾದ್ರೂ ಇರಲೇಬೇಕಿತ್ತು. ಆಲ್ಬಮ್ ಆದ ಮೇಲೂ ಆ ಎಳೆತ ಹಾಗೇ ಉಳೀತು. ಬಲಗಡೆ ಪುಟದ ಕೆಳಗಿನ ಮೂಲೆ ನೋಡ್ತಾ ಹೋಗಿ, ಗೊತ್ತಾಗುತ್ತೆ. ಯುದ್ಧಕಾಲದ ಕಾಗದದ ಅಭಾವಕ್ಕೆ 1942ರಿಂದ ಬಣ್ಣದ ಆಲ್ಬಮ್‌ಗೆ 62 ಪುಟದ ಮಿತಿ ಬಂತು. ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚೋ 16 ಪುಟದ ಕಟ್ಟಿಗೆ ಫಾರಂ ಅಂತಾರೆ; ಅಂಥ ನಾಲ್ಕು ಅಂದ್ರೆ 64, ಅದರಲ್ಲಿ ಕಥೆಗೆ 62. ಅದಕ್ಕೂ ಮುಂಚೆ ನೂರು ಪುಟ ದಾಟ್ತಿದ್ದ ಕಪ್ಪು-ಬಿಳುಪು ಕಥೆಗಳನ್ನೂ ಇದರೊಳಗೆ ಕೂರಿಸಬೇಕಾಯ್ತು. ಜೊಳ್ಳೆಲ್ಲ ಹಾರಿಹೋಯ್ತು.

ಇನ್ನು ಗೆರೆ. ನಮ್ಮೂರಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣರ ಕುಂಚದ ಗೆರೆ ದಪ್ಪ-ಸಣ್ಣ ಆಗ್ತಾ ಕುಣಿಯುತ್ತೆ. ಎರ್ಜೆಯದ್ದು ತದ್ವಿರುದ್ಧ: ಮೂಗಿಗೂ ಬೆಟ್ಟಕ್ಕೂ ಹೆಚ್ಚುಕಮ್ಮಿ ಒಂದೇ ದಪ್ಪ, ಅಡ್ಡಗೆರೆ ಹಾಕಿ ನೆರಳು ತೋರಿಸೋದಿಲ್ಲ, ಬಣ್ಣ ಚಪ್ಪಟೆ. ಮುಖ ಎರಡು ಚುಕ್ಕೆ ಕಣ್ಣಿಗೆ ಮುಗಿದುಹೋಗುತ್ತೆ, ಆದರೆ ಹಿಂದಿನ ಕಾರು, ವಿಮಾನ, ಹಡಗು ಮಾತ್ರ ನಿಜದ್ದರ ಹಾಗೇ. ಕಣ್ಣಿಗೆ ಎಲ್ಲೂ ತೊಡಕಿಲ್ಲ. 'ದಿ ಕ್ರ್ಯಾಬ್ ವಿತ್ ದಿ ಗೋಲ್ಡನ್ ಕ್ಲಾಸ್'ನಲ್ಲಿ ಮರುಭೂಮಿಯ ದಾಳಿಕೋರರು ಓಡಿಹೋಗೋ ಒಂದು ಚೌಕ ಇದೆ. ಒಬ್ಬ ಮಲಗಿದ್ದಾನೆ, ಪಕ್ಕದವನು ಏಳ್ತಿದ್ದಾನೆ, ಮುಂದಿನವನು ಎದ್ದು ನಿಂತಿದ್ದಾನೆ, ಆಚೆಯವನು ಓಟ ಕಿತ್ತಿದ್ದಾನೆ. ಬೇರೆ ಬೇರೆ ಜನ, ಆದರೆ ಕಣ್ಣು ಓದೋದು ಒಬ್ಬನೇ ಎದ್ದು ಓಡಿದ ಹಾಗೆ. ಎರ್ಜೆಗೂ ತುಂಬ ಇಷ್ಟವಾದ ಚೌಕ ಅದು.

ಸಕ್ಕರೆನಾಡು:
ಗೆರೆ ಚೆಂದ, ಒಪ್ಪಿದೆ. ಆದರೆ ಬರೀ ಗೆರೆಗೆ ಇಷ್ಟು ವರ್ಷ ಬಾಳಲ್ಲ ಕಣ್ರೀ. 1934ರಲ್ಲಿ ಜಾಂಗ್ ಚೊಂಗ್ರೆನ್ ಅನ್ನೋ ಚೀನಾದ ಕಲಾವಿದ್ಯಾರ್ಥಿ ಬ್ರಸೆಲ್ಸ್‌ನಲ್ಲಿ ಎರ್ಜೆಗೆ ಸಿಕ್ಕಿದ್ದೇ ತಿರುವು. 'ದಿ ಬ್ಲೂ ಲೋಟಸ್'ನ ಶಾಂಘೈ ಗೋಡೆಗಳ ಮೇಲಿನ ಚೀನೀ ಬರಹ ಬರೀ ಅಲಂಕಾರ ಅಲ್ಲ, ಜಪಾನೀ ಸಾಮಾನು ಬಹಿಷ್ಕರಿಸಿ ಅಂತ ನಿಜವಾದ ಘೋಷಣೆಗಳೇ ಇವೆ. ವಿಚಾರಿಸದೆ ಬರೆಯಬಾರದು ಅನ್ನೋ ಹಟ ಅಲ್ಲಿಂದ ಶುರು. ಅದಕ್ಕೆ ಹಿಂದಿನ 'ಸಿಗಾರ್ಸ್ ಆಫ್ ದಿ ಫೇರೋ'ದಲ್ಲಿ ನಮ್ಮ ದೇಶದ ಕಾಡಿಗೆ ಬರೋ ಟಿನ್‌ಟಿನ್ ಮರದ ಕಹಳೆ ಕೆತ್ತಿಕೊಂಡು ಆನೆಗಳ ಜೊತೆ ಮಾತಾಡ್ತಾನೆ! ದಸರಾ ಆನೆಗಳ ಹಿಂದೆ ಓಡಾಡಿದ ಮಕ್ಕಳು ಬಿದ್ದು ಬಿದ್ದು ನಗ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಚಂದ್ರನ ಕಥೆ 12ರವರೆಗೆ ತಡೀಬೇಕು ಅನ್ನೋದನ್ನ ನಾನು ಒಪ್ಪಲ್ಲ. ಎರಡನೇ ಭಾಗದಲ್ಲಿ ಹ್ಯಾಡಕ್‌ನ ವಿಸ್ಕಿ ಲೋಟದಿಂದ ಎದ್ದು ಉಂಡೆಯಾಗಿ ತೇಲೋದು 1950ರ ದಶಕದ ಆಲ್ಬಮ್‌ನಲ್ಲಿ, ಆರ್ಮ್‌ಸ್ಟ್ರಾಂಗ್ ಕಾಲಿಡೋಕೆ 15 ವರ್ಷ ಮುಂಚೆ. ಮೊದಲ ಭಾಗವನ್ನ ದೊಡ್ಡವರೊಬ್ಬರು ಕನ್ನಡದಲ್ಲಿ ಹೇಳಿಬಿಡಿ, ಎರಡನೇದನ್ನ ಅವರ ಕೈಗೆ ಕೊಡಿ.

'ಕಾಸ್ಟಾಫಿಯೋರೆ ಎಮರಾಲ್ಡ್' ಕೊನೆಗಿರಲಿ. ಖಳನಿಲ್ಲ, ಪ್ರಯಾಣವಿಲ್ಲ, ಮನೆಬಿಟ್ಟು ಯಾರೂ ಹೋಗಲ್ಲ. ಮುರಿದ ಮೆಟ್ಟಿಲು ಸರಿಮಾಡೋಕೆ ಬರ್ತೀನಿ ಬರ್ತೀನಿ ಅಂತ ಕೈಕೊಡೋ ಕೆಲಸದವನನ್ನ ಕಂಡು ನಗೋಕೆ ಮನೆ ಕಟ್ಟಿಸಿದ ವಯಸ್ಸಾಗಿರಬೇಕು.

ಬೈಂಡಿಂಗ್ ಬಲ್ಲವರು:
ಹಳೇ ಪುಸ್ತಕದ ವಿಷಯ. ಮೊದಲು ಪುಟಸಂಖ್ಯೆ: ಕಥೆಯ ಮೊದಲ ಪುಟ 1, ಕೊನೆಯದು 62. ನಡುವೆ ಹಾಳೆ ಹೋಗಿದ್ರೆ ಎರಡೆರಡು ಪುಟ ಹೋಗಿರುತ್ತೆ, ಅಂಗಡಿಯಲ್ಲೇ ಎಣಿಸಿ. ಆಮೇಲೆ ನಡುಪುಟ ಬಿಡಿಸಿ ಬೆನ್ನು ನೋಡಿ. ಗೋಂದು ಒಣಗಿ ಚಟ್ ಅಂದ್ರೆ ಇನ್ನು ಹತ್ತು ಮಕ್ಕಳ ಕೈಗೆ ಹಾಳೆಗಳು ಕಿತ್ತು ಬರುತ್ತವೆ.

ಅದನ್ನ ಬೈಂಡಿಂಗಿಗೆ ಕೊಡುವಾಗ ಅಂಚಿನಲ್ಲಿ ರಂಧ್ರ ಕೊರೆದು ಹೊಲಿಯಬೇಡಿ ಅಂತ ಖಡಾಖಂಡಿತ ಹೇಳಿ. ಒಳಗಿನ ಖಾಲಿ ಜಾಗ ತುಂಬ ಕಮ್ಮಿ, ಅರ್ಧ ಸೆಂಟಿಮೀಟರ್ ಹೊಲಿಗೆಗೆ ಹೋದ್ರೆ ಪುಟ ಪೂರ್ತಿ ಬಿಚ್ಚೋದಿಲ್ಲ, ಮಾತಿನ ಗುಳ್ಳೆಯ ಕೊನೇ ಪದ ಮಡಿಕೆಯೊಳಗೆ ಹೂತುಹೋಗುತ್ತೆ. ಹಾಳೆಗಳನ್ನ ಸಮ ತಟ್ಟಿ, ಎರಡು ಹಲಗೆ ನಡುವೆ ಬಿಗಿದು, ಬೆನ್ನಿಗೆ ಬ್ರಷ್ಷಿನಲ್ಲಿ ಫೆವಿಕಾಲ್ ತೆಳ್ಳಗೆ ಎರಡು ಸಲ. ಮೊದಲನೇದು ಒಣಗಿದ ಮೇಲೆ ಎರಡನೇದು, ಅದು ಹಸಿ ಇರುವಾಗಲೇ ಹತ್ತಿಬಟ್ಟೆಯ ಪಟ್ಟಿ. ಒಂದೇ ಸಲ ದಪ್ಪಗೆ ಬಳಿದ್ರೆ ಹಾಳೆಗಳ ನಡುವೆ ಇಳಿದು ಪುಟಕ್ಕೆ ಪುಟ ಅಂಟುತ್ತೆ. ಹರಿದ ಕಡೆ ಸೆಲ್ಲೋಟೇಪ್ ಬೇಡ, ಹಳದಿಯಾಗಿ ಬಣ್ಣವನ್ನೂ ಕೆಡಿಸುತ್ತೆ.

ಮೂರು ಕಥೆ ಸೇರಿಸಿದ ಚಿಕ್ಕ ಗಟ್ಟಿರಟ್ಟಿನ ಸಂಪುಟ ಅಗ್ಗ ಅಂತ ಆಸೆ ಪಡಬೇಡಿ. ಆಲ್ಬಮ್‌ನ ಪುಟ ಕುಗ್ಗಿಸಿ ಅಕ್ಷರ ಇರುವೆ ಸಾಲಾಗಿದೆ, ಮೂರು ಮಕ್ಕಳು ಒಟ್ಟಿಗೆ ಕೂತು ನೋಡೋಕಾಗಲ್ಲ.

ಸರಸ್ವತಿಪುರಂ ಓದುಮನೆ:
ಹಾಗಾದ್ರೆ ಯೂನಿಕಾರ್ನ್ ಜೋಡಿ, ಟಿಬೆಟ್, ಚಂದ್ರನ ಜೋಡಿ, ಬ್ಲೂ ಲೋಟಸ್. ಆರಾಯ್ತು. ದುಡ್ಡು ಮಿಕ್ಕಿದ್ರೆ ಸಿಗಾರ್ಸ್. ಚಿತ್ರ ಬರೆಯೋ ಮಕ್ಕಳಿದ್ದಾರೆ, ಅವರಿಗೇನಾದ್ರೂ ಚಟುವಟಿಕೆ?

ಕಾವಾ ಕಡೆಯವ:
ಸಿಗಾರ್ಸ್‌ನಲ್ಲಿ ಶುರುವಾದದ್ದೇ ಬ್ಲೂ ಲೋಟಸ್‌ನಲ್ಲಿ ಮುಗಿಯೋದು, ಅದನ್ನ ಮಿಕ್ಕಿದ್ರೆ ಅನ್ನಬೇಡಿ, ಹೇಗಾದ್ರೂ ಸೇರಿಸಿ.

ಚಟುವಟಿಕೆಗೆ ಎರ್ಜೆಯ ಪದ್ಧತಿಯೇ ಸಾಕು. ಪೆನ್ಸಿಲಿನಲ್ಲಿ ಒಂದೇ ಓಟದ ಭಂಗಿಯನ್ನ ಗೆರೆ ಮೇಲೆ ಗೆರೆ ಗೀಚಿ, ಅಳಿಸೋ ಹಾಗಿಲ್ಲ. ಆ ಹಾಳೆ ಮೇಲೆ ಇನ್ನೊಂದು ಹಾಳೆ ಇಟ್ಟು ಕಿಟಕಿ ಗಾಜಿಗೆ ಹಿಡಿದು, ಗೀಚಿದ್ದರಲ್ಲಿ ಜೀವ ಇರೋ ಒಂದೇ ಗೆರೆ ಆರಿಸಿ ತೆಗೀರಿ. ಅದರ ಮೇಲೆ 0.4 ಅಥವಾ 0.5 ಮಿ.ಮೀ. ಮೊನೆಯ, ನೀರಿಗೆ ಕರಗದ ಕಪ್ಪು ಪೆನ್ನು. ಜೆಲ್ ಪೆನ್ನಾದ್ರೆ ಬಣ್ಣ ತಾಗಿದ ಕೂಡಲೇ ಗೆರೆ ಹರಡುತ್ತೆ. ಪೋಸ್ಟರ್ ಬಣ್ಣಕ್ಕೆ ನೀರು ಕಮ್ಮಿ, ಒಂದು ಜಾಗಕ್ಕೆ ಒಂದೇ ಬಣ್ಣ, ನೆರಳು ಇಲ್ಲ. ಮಕ್ಕಳು ಸೋಲೋದು ಗೆರೆ ಆರಿಸೋ ಹಂತದಲ್ಲಿ, ಎಲ್ಲ ಗೆರೆಯೂ ಬೇಕು ಅಂತಾರೆ. ಕಿಟಕಿ ಹತ್ರ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ, ಅದೂ ಬೆಳಿಗ್ಗೆ ಹೊತ್ತು.