ಸುರಂಗದ ಸಣ್ಣ ಬಾವಲಿಗೆ ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ನಮ್ಮೂರ ವಾಚನಾಲಯದವರು ಆಗಸ್ಟ್ ಕೊನೆಗೆ ‘ಬಾವಲಿ ರಾತ್ರಿ’ ಮಾಡಲು ಹೊರಟಿದ್ದಾರೆ. ಗೋಡೆಗೆ ಹಾಕುವ ಬರಹ ಮಲಯಾಳದಲ್ಲೂ ಬೇಕು, ಕನ್ನಡದಲ್ಲೂ ಬೇಕು. ಮಲಯಾಳದ್ದನ್ನು ಪಕ್ಕದ ಮನೆಯ ಮಾಷ್ (ಮೇಷ್ಟ್ರು) ಆಗಲೇ ಬರೆದು ಮುಗಿಸಿದ್ದಾರೆ. ಕನ್ನಡದ್ದು ನನ್ನ ತಲೆಗೆ ಬಿದ್ದಿದೆ. ವಿಷಯ, ಅಂತರರಾಷ್ಟ್ರೀಯ ಬಾವಲಿ ಸಂಶೋಧನಾ ಸಮ್ಮೇಳನ. 1968ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಶುರುವಾದದ್ದು. 1992ರಲ್ಲಿ ನಮ್ಮ ಮಧುರೈಯಲ್ಲೇ ನಡೆದಿತ್ತು. 2019ರಲ್ಲಿ ಥಾಯ್ಲೆಂಡಿನ ಫುಕೆಟ್, 2022ರಲ್ಲಿ ಅಮೆರಿಕದ ಆಸ್ಟಿನ್, 2024ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್. ಇಷ್ಟು ಬರೆಯಲು ಕಷ್ಟವೇನಿಲ್ಲ. ಅಲ್ಲಿ ಸೇರಿದವರು ಯಾವ ಬಾವಲಿಯ ಬಗ್ಗೆ ಏನು ಮಾತಾಡುತ್ತಾರೆ ಎಂದು ಹೇಳಹೊರಟರೆ ಪದ ಸಾಲುವುದಿಲ್ಲ.

ಮಾಷ್‌ಗೆ ಈ ತಾಪತ್ರಯವೇ ಇಲ್ಲ. ಮಲಯಾಳದಲ್ಲಿ ದೊಡ್ಡದು ವವ್ವಾಲ್, ಸಣ್ಣದು ನರಿಚ್ಚೀರ್. ನಮ್ಮ ಮನೆಮಾತಿನಲ್ಲಿ ಎರಡೂ ಬಾವಲಿಯೇ. ರಾತ್ರಿ ತೋಟಕ್ಕೆ ಬಂದು ಹಣ್ಣಡಿಕೆಯ ಸಿಪ್ಪೆ ಚೀಪಿ, ಅಡಿಕೆಯನ್ನು ಇನ್ಯಾರದೋ ಜಾಗದಲ್ಲಿ ಬೀಳಿಸಿ ಹೋಗುವುದೂ ಬಾವಲಿ. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ಇರುತ್ತದೆ ಅದು. ಬಾಯಾರು, ಪೈವಳಿಕೆ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಸುರಂಗ ಇದೆಯಲ್ಲ, ಬಗ್ಗಿಕೊಂಡು ಅದರೊಳಗೆ ಹೋದಾಗ ಟಾರ್ಚ್ ಬೆಳಕಿಗೆ ಬೆಚ್ಚಿ ಕಿವಿಯ ಪಕ್ಕದಲ್ಲೇ ಹಾರುವುದೂ ಬಾವಲಿ. ಅದರ ಮೈ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಮೂಗಿನ ಮೇಲೆ ಚರ್ಮದ ಮಡಿಕೆ. ಅಡಿಕೆ, ಗೇರುಹಣ್ಣು ಅದಕ್ಕೆ ಬೇಡ. ತಿನ್ನುವುದೆಲ್ಲ ಸೊಳ್ಳೆ, ಪತಂಗ, ಹುಳಹುಪ್ಪಟೆ.

ಒಂದೇ ಹೆಸರಾದರೆ ಏನೀಗ ಎನ್ನಬಹುದು. 2018ರ ಮೇ ತಿಂಗಳು ನೆನಪಿದೆ ಅಲ್ವಾ? ಕೋಝಿಕ್ಕೋಡಿನಲ್ಲಿ ನಿಪಾ ಬಂದಾಗ, ಮೊದಲು ಜ್ವರ ಬಂದ ಮನೆಯ ಬಾವಿಯಲ್ಲಿದ್ದ ಬಾವಲಿಗಳ ಮೇಲೇ ಎಲ್ಲರ ಕಣ್ಣು ಬಿತ್ತು. ಅವು ಹುಳ ತಿನ್ನುವವು. ಪರೀಕ್ಷೆ ಮಾಡಿದರೆ ಅವುಗಳಲ್ಲಿ ವೈರಸ್ ಇರಲಿಲ್ಲ. ಆಮೇಲೆ ಆ ಸುತ್ತಿನಲ್ಲಿ ಹಿಡಿದ ದೊಡ್ಡ ಹಣ್ಣುಬಾವಲಿಗಳಲ್ಲಿ ಸಿಕ್ಕಿತು. ಆದರೆ ‘ಬಾವಲಿಯಿಂದ ನಿಪಾ’ ಎಂಬ ಕನ್ನಡ ತಲೆಬರಹ ಓದಿದವರಿಗೆ ಸುರಂಗದ್ದೂ ಒಂದೇ, ಮರದ್ದೂ ಒಂದೇ. ಸುರಂಗದ ಬಾಯಿಗೆ ಹೊಗೆ ಹಾಕಿಸೋಣ ಎಂದು ನಮ್ಮಲ್ಲೂ ಕೆಲವರು ಹೇಳಿದ್ದರು.

ಹಾಗೆಂದು ಬೇರೆ ಹೆಸರು ಇದ್ದರೆ ಎಲ್ಲ ಸರಿಯಾಗುತ್ತದೆ ಎಂದಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ‘ಹಣ್ಣು ತಿನ್ನುವ ಬಾವಲಿ’ ಎಂದು ಪ್ರತ್ಯೇಕವಾಗಿ ಹೆಸರಿಸಿ, ಕಾಗೆ, ಇಲಿಗಳ ಜೊತೆ ಉಪದ್ರವದ ಪಟ್ಟಿಗೆ ಹಾಕಿದ್ದರು. ಅಂದರೆ ಕೊಂದರೂ ಕೇಳುವವರಿಲ್ಲ. ಕಾಡಿನ ಬೀಜ ಹರಡುವ ಪ್ರಾಣಿಗೆ ಇದು ಯಾವ ನ್ಯಾಯವೋ! ಆ ಪಟ್ಟಿಯನ್ನೇ ತೆಗೆದದ್ದು 2022ರ ತಿದ್ದುಪಡಿಯಲ್ಲಿ.

ಇನ್ನು ಪದಕ್ಕೆ ಬರೋಣ. ‘ದೊಡ್ಡ ಬಾವಲಿ, ಸಣ್ಣ ಬಾವಲಿ’ ಎಂದು ಬರೆಯಲು ನನಗೆ ಇಷ್ಟವಿಲ್ಲ. ಬಾಳೆಯ ಹೂವಿಗೆ ಬರುವ ಮೋಟುಮೂಗಿನ ಬಾವಲಿ ಸಣ್ಣದೇ, ಆದರೆ ಅದು ಹಣ್ಣಿನ ಪಂಗಡದ್ದು. ವಿಜ್ಞಾನಿಗಳೂ ಬಹುಕಾಲ ದೊಡ್ಡವು, ಸಣ್ಣವು ಎಂದೇ ಎರಡು ಪಾಲು ಮಾಡಿಕೊಂಡಿದ್ದರು. ವಂಶವಾಹಿ ನೋಡಿದ ಮೇಲೆ ಆ ಬೇಲಿ ಬಿತ್ತು. ಎಲೆಮೂಗಿನವು, ಲಾಳಮೂಗಿನವು ಹುಳ ತಿಂದರೂ ಹಣ್ಣುಬಾವಲಿಗೇ ಹತ್ತಿರದ ನೆಂಟರಂತೆ! ಈಗಿನ ಎರಡು ಪಾಲಿಗೆ ಯಿನ್, ಯಾಂಗ್ ಎಂಬ ಚೀನೀ ಮಾತು ಸೇರಿಸಿ ಹೆಸರಿಟ್ಟಿದ್ದಾರೆ. ಅದು ಗೋಡೆಬರಹಕ್ಕೆ ಆಗುವುದಿಲ್ಲ. ಹಾಗಾಗಿ ತಿನ್ನುವುದರ ಮೇಲೆ ಹೆಸರಿಡುವುದೇ ಸುಲಭ. ಹಣ್ಣುಬಾವಲಿ ಸರಿ. ಇನ್ನೊಂದಕ್ಕೆ ‘ಹುಳಬಾವಲಿ’ ಎಂದರೆ ಹುಳ ಹಿಡಿದ ಬಾವಲಿ ಎಂದು ತಿಳಿದಾರು. ‘ಕೀಟಾಹಾರಿ ಬಾವಲಿ’ ಪಾಠಪುಸ್ತಕದ ವಾಸನೆ.

ನಿಘಂಟಿನಲ್ಲಿ ‘ಕಣ್ಣಕಪ್ಪಡಿ’, ‘ಕಣ್ಕಪಡಿ’ ಎಂಬ ರೂಪಗಳಿವೆ. ಅರ್ಥ ‘ಬಾವಲಿ’ ಎಂದು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಮಲೆನಾಡು, ಉತ್ತರ ಕನ್ನಡದ ಕಡೆಯವರು ಇದನ್ನು ಆಡುಮಾತಿನಲ್ಲಿ ಬಳಸುತ್ತೀರಾ? ಬಳಸಿದರೆ ಯಾವುದಕ್ಕೆ? ಮನೆಯ ಮಾಡಿನ ಸಂದಿಯಲ್ಲಿ ಇರುವ ಪುಟ್ಟದಕ್ಕೋ, ಮರದಲ್ಲಿ ಜೋತುಬೀಳುವುದಕ್ಕೋ? ‘ತೊಗಲುಬಾವಲಿ’ ಎನ್ನುವವರಿಗೂ ಇದೇ ಪ್ರಶ್ನೆ. ಅಮರಕೋಶದ ‘ಅಜಿನಪತ್ರಾ’ ಕೂಡ ತೊಗಲಿನ ರೆಕ್ಕೆಯದು ಎಂದೇ, ಆದರೆ ಅಲ್ಲಿ ಗಾತ್ರದ ಮಾತಿಲ್ಲ. ಪುಟ್ಟದಕ್ಕೇ ಕಣ್ಣಕಪ್ಪಡಿ ಎನ್ನುವವರು ಒಂದಿಬ್ಬರು ಸಿಕ್ಕರೂ ಸಾಕು, ನಾನು ಅದನ್ನೇ ಹಾಕುತ್ತೇನೆ. ಸಿಗದಿದ್ದರೆ ನರಿಚ್ಚೀರನ್ನೇ ಎತ್ತಿಕೊಳ್ಳಿ ಎನ್ನುತ್ತಾರೆ ಮಾಷ್. ಗಡಿನಾಡಿನಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ.

ಮತ್ತೊಂದು ಸಣ್ಣ ತೊಡಕು. ಹಗಲು ಅವು ಇರುವ ಜಾಗಕ್ಕೆ ‘ಗೂಡು’ ಎನ್ನಬಹುದೇ? ಬಾವಲಿ ಗೂಡು ಕಟ್ಟುವುದಿಲ್ಲ, ಸುಮ್ನೆ ಜೋತುಬೀಳುತ್ತದೆ ಎಂದು ಬರೆದುಬಿಡುತ್ತಿದ್ದೆ, ಆದರೆ ಆ ಮೋಟುಮೂಗಿನದು ಅಡ್ಡ ಬಂತು. ಅದರ ಗಂಡು ಬೈನೆ ಮರದ ಕಾಯಿಗೊನೆಯ ಎಳೆಗಳನ್ನು ಕಡಿದು, ಒಳಗೆ ಡೇರೆಯ ಹಾಗೆ ಜಾಗ ಮಾಡಿಕೊಳ್ಳುತ್ತದೆ. ತಮಿಳುನಾಡಿನಲ್ಲಿ ಇದನ್ನು ಕಾದು ಕೂತು ನೋಡಿದವರಿದ್ದಾರೆ. ‘ತಂಗುದಾಣ’ ಒಳ್ಳೆಯ ಪದವೇ, ಆದರೆ ನಮ್ಮ ಮಕ್ಕಳಿಗೆ ಬಸ್ಸು ನೆನಪಾಗುತ್ತದೆ. ಸದ್ಯಕ್ಕೆ ‘ಬಾವಲಿ ಬೀಡು’ ಎಂದು ಬರೆದಿಟ್ಟಿದ್ದೇನೆ. ಆಸ್ಟಿನ್ ನಗರದ ಸೇತುವೆಯಡಿ ಬೇಸಿಗೆಯಲ್ಲಿ ಲಕ್ಷಗಟ್ಟಲೆ ಬಾವಲಿ ಸೇರುತ್ತವಲ್ಲ, ಅದಕ್ಕೂ ಬೀಡು ಒಪ್ಪುತ್ತದೆ.

ಸದ್ದು ಹೊರಡಿಸಿ, ತಿರುಗಿ ಬಂದದ್ದನ್ನು ಕೇಳಿ ದಾರಿ ಹಿಡಿಯುವ ವಿದ್ಯೆಗೆ ‘ಮಾರ್ದನಿ’ ಸೇರಿಸಿ ಏನಾದರೂ ಹೊಳೆದರೆ ಅದನ್ನೂ ತಿಳಿಸಿ. ‘ಮಾರ್ದನಿಗಾಣ್ಕೆ’ ಎಂದು ಒಬ್ಬರು ಸೂಚಿಸಿದರು. ಓದಲು ಚೆಂದ, ಜೋರಾಗಿ ಹೇಳಿ ನೋಡಿದರೆ ಗಾಣ ತಿರುಗಿದ ಹಾಗಾಗುತ್ತದೆ.

ಗೋಡೆಬರಹ ಮುದ್ರಣಕ್ಕೆ ಹೋಗುವುದು ತಿಂಗಳ ಎರಡನೇ ವಾರ. ಅದಕ್ಕೆ ಮೊದಲು ಬರೆದರೆ ಉಪಕಾರ. ಉತ್ತರದಲ್ಲಿ ಊರಿನ ಹೆಸರನ್ನೂ ಹಾಕಿ, ಪದ ಎಲ್ಲಿಯದು ಎಂದು ಗೋಡೆಯಲ್ಲೇ ಬರೆಯುತ್ತೇವೆ.