ಅಪ್ಪನ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಅಕ್ಕನ ಮಗಳಿಗೆ ಕೊಡೋ ಮುಂಚೆ ಏನೇನು ನೋಡಬೇಕು?

ಹೊಳೆದಂಡೆ:
ಪೆಂಟಾಕ್ಸ್ ಕೆ1000, ಜೊತೆಗೆ 50 ಎಂಎಂ ಎಫ್/2 ಲೆನ್ಸ್. ಸಾಗರದ ಮನೆಯಲ್ಲಿ ಚರ್ಮದ ಕೇಸಿನೊಳಗೆ ವರ್ಷಗಟ್ಟಲೆ ಕೂತಿದೆ. ಅಕ್ಕನ ಮಗಳು ಬೆಂಗಳೂರಲ್ಲಿ ಬಿವಿಎ (ದೃಶ್ಯಕಲೆ ಪದವಿ) ಓದ್ತಿದ್ದಾಳೆ, ರೀಲ್ ಹಾಕಿ ಫೋಟೋ ತೆಗೀಬೇಕು ಅಂತ ಆಸೆ. ಷೋಕೇಸಿಗಲ್ಲ, ಬಳಸೋಕೇ ಕೊಡ್ತಿರೋದು. ನೇರವಾಗಿ ಸರ್ವೀಸಿಗೆ ಹಾಕಲಾ, ಮನೆಯಲ್ಲೇ ನೋಡಬಹುದಾದ್ದು ಏನಾದ್ರೂ ಇದೆಯಾ?

ಸ್ಕ್ರೂಡ್ರೈವರ್:
ಸರ್ವೀಸ್ ಆಮೇಲೆ. ಕೆ1000 ಪೂರ್ತಿ ಮೆಕ್ಯಾನಿಕಲ್, ಸೆಲ್ ಇಲ್ಲದೆಯೂ 1 ಸೆಕೆಂಡಿನಿಂದ 1/1000ದವರೆಗೆ ಎಲ್ಲಾ ಶಟರ್ ಸ್ಪೀಡೂ ಓಡುತ್ತೆ. ಸೆಲ್ ಬೇಕಿರೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಹಾಗಾಗಿ ಅರ್ಧ ಪರೀಕ್ಷೆ ಮನೆಯಲ್ಲೇ ಆಗುತ್ತೆ.

ಎಲ್ಲಕ್ಕಿಂತ ಮೊದಲು, ಹಿಂದಿನ ಬಾಗಿಲು ತೆಗೀಬೇಡಿ. ಒಳಗೆ ಹಳೇ ರೀಲ್ ಇರಬಹುದು. ರಿವೈಂಡ್ ಹಿಡಿಕೆಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗ್ತಾನೇ ಇದ್ದರೆ ಖಾಲಿ; ಸ್ವಲ್ಪ ತಿರುಗಿ ಬಿಗಿ ಹಿಡಿದರೆ ರೀಲ್ ಇದೆ.

ಖಾಲಿ ಇದ್ದರೆ ತಳದ ಸೆಲ್ ಮುಚ್ಚಳ ನಾಣ್ಯದಿಂದ ತೆಗೀರಿ. ಹಳೇ ಎಲ್ಆರ್44 ಸೆಲ್ ಸೋರಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಹಾಕಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಇನ್ನೊಮ್ಮೆ. ಹೊಸದಾಗಿ ಎಸ್ಆರ್44 ಹಾಕಿ. ಅದೇ ಗಾತ್ರ, ಆದರೆ ವೋಲ್ಟೇಜ್ ಕೊನೇವರೆಗೂ ಹೆಚ್ಚು ಇಳಿಯಲ್ಲ. ಕಿಟಕಿ ಕಡೆ, ಕತ್ತಲ ಮೂಲೆ ಕಡೆ ಹಿಡಿದಾಗ ವ್ಯೂಫೈಂಡರಿನಲ್ಲಿ ಕಾಣೋ ಮೀಟರಿನ ಮುಳ್ಳು ಮೇಲೆ ಕೆಳಗೆ ಆಡಬೇಕು.

ಇನ್ನು ಶಟರ್. ಲೆನ್ಸ್ ಬಿಚ್ಚಿ, ಬಾಗಿಲು ತೆಗೆದು, ಆಕಾಶದ ಕಡೆ ಹಿಡಿದು 1/1000ರಲ್ಲಿ ಒತ್ತಿ. ಪೂರ್ತಿ ಚೌಕ ಮಿಂಚಬೇಕು. ಒಂದು ಅಂಚು ಕಪ್ಪಾಗಿಯೇ ಉಳಿದರೆ ಶಟರಿನ ಎರಡನೇ ಪರದೆ ಮೊದಲನೆಯದನ್ನು ಹಿಡಿದುಬಿಡ್ತಿದೆ ಅಂತ ಅರ್ಥ. ಹಳೇ ಎಣ್ಣೆ ಗಟ್ಟಿಯಾದರೆ ಆಗೋದು ಇದೇ. 1 ಸೆಕೆಂಡಿಗೆ ಇಟ್ಟಾಗ ಗರ್ರ್ ಅಂತ ಒಂದೇ ಸಮ ಸದ್ದು ಬಂದು ಮುಚ್ಚಬೇಕು. ಮಧ್ಯೆ ನಿಂತರೆ ಇಪ್ಪತ್ತು ಮೂವತ್ತು ಸಲ ಒತ್ತಿ ನೋಡಿ, ಕೆಲವು ಸಲ ಬಿಟ್ಟುಕೊಳ್ಳುತ್ತೆ. ಬಿಡದಿದ್ದರೆ ಸರ್ವೀಸೇ ಗತಿ. ಹೊರಗಿನಿಂದ ಡಬ್ಲ್ಯೂಡಿ-40 ಎಣ್ಣೆ ಸ್ಪ್ರೇ ಮಾತ್ರ ಹೊಡೀಬೇಡಿ.

ಕೊನೇದು ಬೆಳಕು ಒಳಗೆ ನುಗ್ಗದ ಹಾಗೆ ತಡೆಯೋ ಬಾಗಿಲಿನ ಅಂಚಿನ ಫೋಮ್. ಮುಟ್ಟಿದರೆ ಡಾಂಬರಿನ ಹಾಗೆ ಅಂಟೋದು ಖಾತ್ರಿ. ಊದುಬತ್ತಿ ಕಡ್ಡಿಯ ತುದಿಗೆ ಆಲ್ಕೋಹಾಲ್ ಹಚ್ಚಿ ಕೆರೆದು ತೆಗೀರಿ. ಪುಡಿ ಶಟರ್ ಬಟ್ಟೆ ಮೇಲೆ ಬೀಳದ ಹಾಗೆ ಅಲ್ಲೊಂದು ಕಾಗದ ಅಡ್ಡ ಇಟ್ಟುಕೊಳ್ಳಿ, ಬಟ್ಟೆಗೆ ತಗುಲಿಸಬೇಡಿ. ಆ ಜಾಗದಲ್ಲಿ ಬಾಗಿಲು ಕೂರೋ ಸಂದಿಗೆ ಕಪ್ಪು ಉಲ್ಲನ್ ದಾರ, ಕೀಲಿನ ಕಡೆ ಅಂಟಿರೋ ಫೋಮ್ ತುಂಡು ಹಾಕಿ. ದಪ್ಪ ಜಾಸ್ತಿಯಾದರೆ ಬಾಗಿಲೇ ಕೂರಲ್ಲ. ಕನ್ನಡಿ ಬಡಿಯೋ ಜಾಗದ ಫೋಮೂ ಬದಲಿಸಿ, ಕನ್ನಡಿಯನ್ನು ಮಾತ್ರ ಒರೆಸಬೇಡಿ. ಅದರ ಹೊಳೆಯೋ ಲೇಪ ಮುಂಭಾಗದಲ್ಲೇ ಇರುತ್ತೆ, ಕಿತ್ತು ಬರುತ್ತೆ.

ಕರಾವಳಿ_ಕಣ್ಣು:
ಸಾಗರ, ಚರ್ಮದ ಕೇಸು ಅಂದಮೇಲೆ ನಂಗೆ ಬಾಡಿಗಿಂತ ಲೆನ್ಸಿನದ್ದೇ ಚಿಂತೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ, ಬೂಸ್ಟು ಮೊದಲು ಕೇಸಿಗೆ, ಆಮೇಲೆ ಗಾಜಿಗೆ. ಲೆನ್ಸ್ ಬಿಚ್ಚಿ ಎಫ್/2ಕ್ಕೆ ಇಟ್ಟು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಅಂಚಲ್ಲಿ ಸ್ವಲ್ಪ ಇದ್ದರೆ ಫೋಟೋಗೆ ಏನೂ ಆಗಲ್ಲ; ಮಧ್ಯದಲ್ಲಿ ಮಂಜು ಕವಿದಂತಿದ್ದರೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಪೇಲವ ಆಗುತ್ತೆ. ಒಳಗಿನ ಗಾಜು ಮನೆಯಲ್ಲಿ ಬಿಚ್ಚೋಕೆ ಹೋಗಬೇಡಿ.

ಎಫ್/22ಕ್ಕೆ ಇಟ್ಟು ಹಿಂದಿನ ಸನ್ನೆಯನ್ನು ಒತ್ತಿ ಬಿಡಿ. ಒಳಗಿನ ಅಪರ್ಚರ್ ಎಲೆಗಳು ಟಪ್ ಅಂತ ಮುಚ್ಚಬೇಕು, ನಿಧಾನ ಆದರೆ ಎಣ್ಣೆ ಹರಡಿದೆ.

ಆ ಕೇಸ್ ನೆನಪಿಗೆ ನೀವೇ ಇಟ್ಟುಕೊಳ್ಳಿ, ಹುಡುಗಿಗೆ ಕೊಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, 100 ಗ್ರಾಂ ಸಿಲಿಕಾ ಜೆಲ್, ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ಕೊಡಿ. ಆರ್ದ್ರತೆ 40ರಿಂದ 50 ಶೇಕಡಾ ಇದ್ದರೆ ಸಾಕು. ನೀಲಿ ಜೆಲ್ ಗುಲಾಬಿಯಾದಾಗ ಅಡುಗೆಗೆ ಬಳಸದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ತಿರುಗುತ್ತೆ.

ಕೆಂಪುದೀಪ:
ಇಷ್ಟೆಲ್ಲ ಆದಮೇಲೂ ಒಂದು ರೀಲ್ ಓಡಿಸದೆ ಕೊಡಬೇಡಿ. ಮೊದಲ ರೀಲೇ ಹಾಳಾದರೆ ಹೊಸಬರು ಕ್ಯಾಮೆರಾವನ್ನು ಮತ್ತೆ ಮುಟ್ಟಲ್ಲ, ರೀಲಿನ ರೇಟೂ ಹಾಗಿದೆ.

ಐಎಸ್ಒ 200ರ ಕಲರ್ ರೀಲ್ ಹಾಕಿ. ನಡು ಹಗಲ ಬಿಸಿಲಲ್ಲಿ ಒಂದೇ ಗೋಡೆಯನ್ನು 1/125 ಎಫ್/22, 1/250 ಎಫ್/16, 1/500 ಎಫ್/11, 1/1000 ಎಫ್/8 ಹೀಗೆ ನಾಲ್ಕು ಸಲ ತೆಗೀರಿ. ನಾಲ್ಕೂ ನೆಗೆಟಿವ್ ಒಂದೇ ಗಾಢತೆಯಲ್ಲಿರಬೇಕು. 1/1000ದ್ದು ಮಾತ್ರ ಒಂದು ಪಕ್ಕ ತೆಳುವಾಗಿದ್ದರೆ ಮೇಲೆ ಹೇಳಿದ ಪರದೆಯ ದೋಷ. ಆಗಲೂ 1/500ರವರೆಗೆ ಧಾರಾಳವಾಗಿ ಬಳಸಬಹುದು. ಚಿತ್ರದಲ್ಲಿ ಕಿತ್ತಳೆ ಪಟ್ಟೆ ಬಂದರೆ ಫೋಮ್ ಸರಿ ಕೂತಿಲ್ಲ. ತೊಳೆಸೋಕೆ ಕೊಡುವಾಗ ನೆಗೆಟಿವ್ ವಾಪಸ್ ಬೇಕು ಅಂತ ಬಾಯಿಬಿಟ್ಟು ಹೇಳಿ, ಬರೀ ಸ್ಕ್ಯಾನ್ ಕಳಿಸಿ ಸುಮ್ಮನಾಗೋ ಲ್ಯಾಬ್‌ಗಳಿವೆ.

ಅವಳಿಗೆ ಕೈಯಲ್ಲಿ ಹಿಡಿದು ತೋರಿಸಬೇಕಾದ್ದು: ರೀಲ್ ಹಾಕಿ ಲಿವರ್ ಎಳೆದಾಗ ರಿವೈಂಡ್ ಹಿಡಿಕೆಯೂ ತಿರುಗಬೇಕು. ತಿರುಗದಿದ್ದರೆ ರೀಲ್ ಕಚ್ಚಿಲ್ಲ, 36 ಫೋಟೋ ತೆಗೆದರೂ ಸೊನ್ನೆ. ಕೊನೆಯಲ್ಲಿ ಲಿವರ್ ಬಿಗಿಯಾದರೆ ಜಗ್ಗಬಾರದು, ತಳದ ಗುಂಡಿ ಒತ್ತಿಯೇ ಸುತ್ತಬೇಕು, ಇಲ್ಲಾಂದ್ರೆ ಫಿಲ್ಮಿನ ಅಂಚಿನ ತೂತು ಹರಿಯುತ್ತೆ. ಈ ಕ್ಯಾಮೆರಾದ ಮೀಟರಿಗೆ ಸ್ವಿಚ್ಚೇ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಸೆಲ್ ಖಾಲಿಯಾಗ್ತಾ ಇರುತ್ತೆ. ಮುಂದೆ ಇನ್ನೊಂದು ಲೆನ್ಸ್ ಕೊಳ್ಳೋದಾದರೆ ಅಪರ್ಚರ್ ರಿಂಗ್ ಇರೋ ಕೆ-ಮೌಂಟ್ (ಪೆಂಟಾಕ್ಸ್ ಬಾಡಿಗೆ ಕೂರೋ) ಲೆನ್ಸೇ ಬೇಕು.

ಹೊಳೆದಂಡೆ:
ಹಿಡಿಕೆ ಕಾಲು ಸುತ್ತಿಗೇ ಬಿಗಿ ಹಿಡೀತು. ಕೌಂಟರ್ 22ರಲ್ಲಿದೆ. ಈಗ?

ಕೆಂಪುದೀಪ:
ಹಾಗಾದ್ರೆ ಅಪ್ಪ ತೆಗೆದ ಫೋಟೋ ಒಳಗಿರಬಹುದು. 22 ಅಂತ ಬರೆದಿಟ್ಟುಕೊಳ್ಳಿ, ಬಾಗಿಲು ತೆಗೆದರೆ ಕೌಂಟರ್ ಹಿಂದಕ್ಕೆ ಹೋಗುತ್ತೆ. ಉಳಿದ ಫ್ರೇಮ್ ಮುಗಿಸೋಕೆ ಹೋಗಬೇಡಿ, ಹಳೇ ಫಿಲ್ಮ್ ಪೆಡಸಾಗಿ ಹರಿಯಬಹುದು. ತಳದ ಗುಂಡಿ ಒತ್ತಿ ತೀರಾ ನಿಧಾನವಾಗಿ ಸುತ್ತಿ. ಬಿಗಿ ತಪ್ಪಿ ಹಗುರಾದ ಮೇಲೂ ಎರಡು ಸುತ್ತು ಹಾಕಿ, ಆಮೇಲೆ ಮಬ್ಬು ಬೆಳಕಿನಲ್ಲಿ ಬಾಗಿಲು ತೆಗೀರಿ. ರೀಲಿನ ಮೇಲೆ ಸಿ-41 (ಕಲರ್ ನೆಗೆಟಿವ್ ತೊಳೆಯೋ ವಿಧಾನ) ಅಂತ ಇದೆಯಾ, ಬ್ಲ್ಯಾಕ್ ಅಂಡ್ ವೈಟ್ ಅಂತ ಇದೆಯಾ ನೋಡಿ ಇಲ್ಲಿ ಹಾಕಿ. ಕಲರ್ ಆಗಿದ್ದರೂ ಇಷ್ಟು ಹಳೇದನ್ನು ಬ್ಲ್ಯಾಕ್ ಅಂಡ್ ವೈಟ್ ಡೆವಲಪರಿನಲ್ಲಿ ತೊಳೆದರೆ ಆಕೃತಿ ಸಿಗೋ ಸಾಧ್ಯತೆ ಹೆಚ್ಚು. ಹೇಳದೆ ಕೇಳದೆ ಯಾವ ಸ್ಟುಡಿಯೋಗೂ ಕೊಟ್ಟುಬಿಡಬೇಡಿ.